ಸುಳ್ಳು ಹೇಳದ ಅಳಿಯ

"ನಾಲ್ಕು ಮಾತು, ಅಷ್ಟೇ. ಎಲ್ಲರೆದುರಿಗೆ ನಿಂತು ಒಂದ್ಸಲ ಹೇಳ್ಬಿಡು, ಮುಗೀತು. ಆಮೇಲೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ಯಾರೂ ಟಾರ್ಚ್ ಹಾಕಿ ನೋಡೋಕೆ ಬರಲ್ಲ."

ದೊಡ್ಡಕ್ಕ ಇಷ್ಟು ಹೇಳಿ ಕಾಫಿಯ ಲೋಟವನ್ನು ಹುಡುಗನ ಮುಂದಕ್ಕೆ ಸರಿಸಿದರು. ಅದು ಅವರ ಮಟ್ಟಿಗೆ ದೊಡ್ಡ ಔದಾರ್ಯ. ಬೇರೆ ಮತದ ಹುಡುಗನೊಬ್ಬ ಈ ಮನೆಯ ಹೆಣ್ಣನ್ನು ಕೇಳಲು ಬಂದು, ಅತಿಥಿಗಳಿಗೆಂದೇ ಇಟ್ಟಿದ್ದ ಸೋಫಾದ ಮೇಲೆ ಕುಳಿತಿದ್ದಾನೆ. ಅವನನ್ನು ಹೊರಗಟ್ಟದೆ, ನಮ್ಮವನಾಗಿ ಬಂದುಬಿಡು, ಹುಡುಗಿಯನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ಇದಕ್ಕಿಂತ ಇನ್ನೇನು ಬೇಕು? ಕಿಟಕಿಯ ಬಳಿ ಕುಳಿತಿದ್ದ ಅವರ ತಮ್ಮ, ಹುಡುಗಿಯ ತಂದೆ, ನಿಟ್ಟುಸಿರು ಬಿಟ್ಟರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ತಾಯಿಯ ಮುಖವೂ ಸಡಿಲವಾಯಿತು. ಮಗಳು ಮಾತ್ರ ತನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಬಿಳಿ ಪುಡಿಯನ್ನು ಕೆರೆಯುತ್ತ ತಲೆ ತಗ್ಗಿಸಿ ಕುಳಿತಿದ್ದಳು. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

ಹುಡುಗ ಲೋಟವನ್ನು ಮುಟ್ಟಲಿಲ್ಲ. ಎದ್ದು ನಿಂತ. ದೊಡ್ಡವರಿಗೆ ಇಲ್ಲ ಎನ್ನುವಾಗ ಕುಳಿತಿರಬಾರದೆಂದು ಅವನಿಗೆ ತೋಚಿರಬೇಕು.

"ಅಮ್ಮಾ, ನೀವು ನನ್ನ ಒಳ್ಳೇದಕ್ಕೇ ಹೇಳ್ತಿದೀರಿ, ಗೊತ್ತು. ಆದ್ರೆ ಆ ಮಾತುಗಳನ್ನ ನಿಮ್ಮ ಪುಟ್ಟಿ ನಂಗೆ ಹೇಳಿ ತೋರಿಸಿದಾಳೆ. ಅವು ಸಣ್ಣ ಮಾತಲ್ಲ. ನಂಬದೇ ಇದ್ದು ನಂಬ್ತೀನಿ ಅಂತ ನಿಮ್ಮ ದೇವರ ಮುಂದೆ ನಿಂತು ಹೇಳಿದ್ರೆ ಅದು ಸುಳ್ಳು. ಮೊದಲನೇ ದಿನವೇ ನಿಮ್ಮ ಮನೆಗೆ ಸುಳ್ಳು ತಗೊಂಡು ಬರೋಕೆ ನಂಗೆ ಆಗಲ್ಲ."

ದೊಡ್ಡಕ್ಕ ಲೋಟವನ್ನು ತಮ್ಮ ಕಡೆಗೇ ಎಳೆದುಕೊಂಡರು.

"ಹಾಗಾದ್ರೆ ಹುಡುಗಿನ ಕೊಡೋಕೂ ಆಗಲ್ಲ," ಎಂದರು.

ಈ ಮನೆಯಲ್ಲಿ ದೊಡ್ಡಕ್ಕನ ಮಾತೆಂದರೆ ಮಾತು. ಅದಕ್ಕೆ ಕಾರಣವೂ ಇತ್ತು. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮನಿಗೆ ಇನ್ನೂ ಹಾಲು ಹಲ್ಲು. ಆಗಷ್ಟೇ ನರ್ಸಿನ ಕೆಲಸಕ್ಕೆ ಸೇರಿದ್ದ ಅಕ್ಕ ಅವನನ್ನು ಸೊಂಟಕ್ಕೆ ಏರಿಸಿಕೊಂಡವರು ಮತ್ತೆ ಇಳಿಸಲೇ ಇಲ್ಲ. ಬಂದ ಸಂಬಂಧಗಳನ್ನೆಲ್ಲ ಬೇಡವೆಂದರು. ಹೆರಿಗೆ ವಾರ್ಡಿನಲ್ಲಿ ಹಗಲು ರಾತ್ರಿ ದುಡಿದು ಈ ಮನೆ ಕಟ್ಟಿದರು, ತಮ್ಮನನ್ನು ಓದಿಸಿದರು. ಅವನು ಓದಿದ್ದು ಸಾಲದೆ ಹೋದಾಗ ಕಾರು ಕಲಿಸಿದರು, ಮದುವೆ ಮಾಡಿದರು. ಪ್ರಾರ್ಥನಾ ಮಂದಿರದಲ್ಲಿ ಮೊದಲ ಹಾಡನ್ನು ಅವನ ಬಾಯಿಗೆ ಹಾಕಿದವರೂ ಅವರೇ. ಆ ಬಡಾವಣೆಯ ಅರ್ಧದಷ್ಟು ಜನರನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡ ಕೈಗಳು ಅವರವು. ಹೀಗಾಗಿ ಮನೆಯವರಿಗಷ್ಟೇ ಅಲ್ಲ, ಊರಿಗೆಲ್ಲ ಅವರು ದೊಡ್ಡಕ್ಕ.

ತಮ್ಮನಿಗೆ ಎರಡು ಕೆಲಸ. ವಾರವೆಲ್ಲ ಅವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಎಡಗಡೆಯ ಸೀಟಿನಲ್ಲಿ ಕುಳಿತು, ತಮ್ಮ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಕಲಿಯುವವರು ಕಂಬಕ್ಕೆ ಗುರಿಯಿಟ್ಟರೂ ದನಿ ಏರಿಸದೆ ತಿದ್ದುವವರು. ಅಭ್ಯಾಸಬಲದಿಂದ ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ವಾರದ ಕೊನೆಯಲ್ಲಿ ಅವರು ಮಂದಿರದ ಮುಂದಾಳು ಹಾಡುಗಾರ. ಅವರು ಮೊದಲ ಸಾಲು ಎತ್ತಿದರೆ ಸಭೆಯೆಲ್ಲ ಹಿಂದೆ ಬರುತ್ತಿತ್ತು. ಆ ಒಂದು ಗಳಿಗೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ದೊಡ್ಡಕ್ಕನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು. ಮದುವೆ ಬೇಡವೆಂದದ್ದಕ್ಕೂ, ನಿದ್ದೆಗೆಟ್ಟದ್ದಕ್ಕೂ ಅವರಿಗೆ ಸಿಕ್ಕ ಪ್ರತಿಫಲ ಅದೊಂದೇ.

ಮೇಷ್ಟ್ರ ಒಬ್ಬಳೇ ಮಗಳು ಪುಟ್ಟಿ ದಂತ ಪ್ರಯೋಗಾಲಯದಲ್ಲಿ ಕೃತಕ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಎತ್ತರದ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಅವಳ ಕೆಲಸ. ಆ ಕಟ್ಟಡದ ಲಿಫ್ಟು ಮನಸ್ಸು ಬಂದರೆ ಏರುತ್ತಿತ್ತು, ಇಲ್ಲವಾದರೆ ನಡುವೆಯೇ ನಿಲ್ಲುತ್ತಿತ್ತು. ಒಮ್ಮೆ ಹಾಗೆ ನಿಂತಾಗ ಅವಳು ಬಿಳಿ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳ ತಟ್ಟೆ ಹಿಡಿದು ಒಳಗೆ ಸಿಕ್ಕಿಕೊಂಡಳು. ರಿಪೇರಿಗೆ ಬಂದ ಹುಡುಗ ಬಾಗಿಲಿನ ಸಂದಿಯಿಂದ ಹೆದರಬೇಡಿ, ಒಳಗೆ ಎಷ್ಟು ಜನ ಇದ್ದೀರಿ ಎಂದು ಕೇಳಿದನಂತೆ. ನಾನೊಬ್ಬಳೇ, ಆದರೆ ಬಾಯಿ ಹತ್ತಿವೆ ಎಂದಳಂತೆ ಅವಳು. ಅವನಿಗೆ ನಗು ತಡೆಯಲಾಗದೆ ಸ್ಪ್ಯಾನರು ಕೈಜಾರಿ ಲಿಫ್ಟಿನ ತಳದ ಗುಂಡಿಗೆ ಬಿತ್ತು. ಅದನ್ನು ತೆಗೆಯುವವರೆಗೆ ಇಬ್ಬರೂ ಬಾಗಿಲಿನ ಆಚೆ ಈಚೆ ನಿಂತು ಮಾತಾಡಿದರು. ಮುಖ ನೋಡುವ ಮೊದಲೇ ಮಾತು ಇಷ್ಟವಾದದ್ದು ಹೀಗೆ. ಆಮೇಲೆ ಆ ಲಿಫ್ಟು ಕೆಟ್ಟಾಗಲೆಲ್ಲ ಬೇರೆ ಯಾರನ್ನೂ ಕಳಿಸಬೇಡಿ ಎಂದು ಅವನು ಕಂಪನಿಯಲ್ಲಿ ಹೇಳಿಟ್ಟಿದ್ದ.

ಹುಡುಗ ಹೊರಟುಹೋದ ಮೇಲೆ ಮನೆಯಲ್ಲಿ ಬಿರುಗಾಳಿ ಎದ್ದಿತು. ಲಿಫ್ಟು ರಿಪೇರಿ ಮಾಡುವವನಿಗೆ ಇಷ್ಟು ಕೊಬ್ಬೇ ಎಂದು ದೊಡ್ಡಕ್ಕ ಕೂಗಾಡಿದರು. ಅಕ್ಕ ಅಷ್ಟು ಬಾಗಿದರೂ ಅವನು ಬಾಗಲಿಲ್ಲವಲ್ಲ ಎಂದು ಮೇಷ್ಟ್ರೂ ಮುಖ ಗಂಟು ಹಾಕಿಕೊಂಡರು. ಪ್ರೀತಿಯಿದ್ದವನು ಅಷ್ಟೂ ಮಾಡದಿದ್ದರೆ ಅದೆಂಥ ಪ್ರೀತಿ ಎಂದು ಮಗಳನ್ನು ಕೇಳಿದರು. ಪುಟ್ಟಿ ಅಳಲಿಲ್ಲ. ನಾನು ಅವನನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವುದಿಲ್ಲ, ನನ್ನ ಪ್ರಾರ್ಥನೆಯನ್ನೂ ಬಿಡುವುದಿಲ್ಲ, ಎರಡೂ ನನ್ನವೇ ಎಂದಷ್ಟೇ ಹೇಳಿ ಎದ್ದುಹೋದಳು.

ತಾಯಿ ಲೋಟ ತೊಳೆಯುತ್ತ ನಿಂತಿದ್ದಳು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಂಡನ ಅಕ್ಕನ ಮಾತಿಗೆ ಹೂಂ ಎಂದೇ ಅವಳಿಗೆ ಅಭ್ಯಾಸ. ಅಂದು ಮಾತ್ರ ಅವಳೊಳಗೆ ಏನೋ ಕದಲಿತ್ತು. ತನ್ನ ಅಣ್ಣತಮ್ಮಂದಿರಿಂದ ಹಿಡಿದು ಮಂದಿರದ ಹಿರಿಯರವರೆಗೆ, ಬೇಕಾದ ವಸ್ತು ಸಿಗುತ್ತದೆಂದರೆ ನಾಲ್ಕಲ್ಲ, ನಾನೂರು ಮಾತು ಹೇಳಬಲ್ಲ ಗಂಡಸರನ್ನು ಅವಳು ಕಂಡಿದ್ದಳು. ಕೈಗೆ ಬಂದ ಹೆಣ್ಣನ್ನು ಒಂದು ಸುಳ್ಳಿಗಾಗಿ ಕಳೆದುಕೊಳ್ಳಲು ಸಿದ್ಧನಾಗಿ ಎದ್ದು ನಿಂತವನನ್ನು ನೋಡಿದ್ದು ಅದೇ ಮೊದಲು. ನನ್ನ ಮಗಳು ಆರಿಸಿಕೊಂಡದ್ದು ಇಂಥವನನ್ನು... ಎಂದುಕೊಂಡಾಗ ಅವಳ ಎದೆ ತುಂಬಿಬಂತು. ದುಃಖದಿಂದಲ್ಲ. ಅದಕ್ಕೆ ಏನು ಹೆಸರಿಡಬೇಕೆಂದು ಅವಳಿಗೇ ತಿಳಿಯದೆ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಹುಡುಗನ ಮನೆಯಲ್ಲೂ ಇದೇ ಕತೆ, ತಿರುಗಾಮುರುಗಾ ಅಷ್ಟೆ. ಅವನ ತಾಯಿ ವಿಧವೆ, ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿದು ಮಗನನ್ನು ಸಾಕಿದಾಕೆ. ಅವರ ಮನೆಯ ನಡುಕೋಣೆಯಲ್ಲಿ ಎಲ್ಲಿ ನೋಡಿದರೂ ನೀಲಿ ಬಟ್ಟೆಯ ರಾಶಿ. ಅದನ್ನು ಸರಿಸಿಯೇ ಕೂರಬೇಕು. ಒಂದು ದಿನ ಅಲ್ಲಿಗೆ ಹೋದ ಪುಟ್ಟಿಗೆ, ನೀನು ನಮ್ಮ ದೇವರನ್ನು ಒಪ್ಪಿಕೋ, ನಾಳೆಯೇ ಮದುವೆ ಮಾಡಿಸುತ್ತೇನೆ ಎಂದಳು ಆಕೆ. ಮಡಿಸಿಟ್ಟ ಅಂಗಿಗಳ ನಡುವೆ ಕುಳಿತ ಪುಟ್ಟಿ ಮೆಲ್ಲಗೆ ಉತ್ತರ ಕೊಟ್ಟಳು.

"ನಿಮ್ಮ ಮಗ ನಮ್ಮ ಮನೇಲಿ ಯಾವ ಮಾತು ಹೇಳೋಕೆ ಒಪ್ಪಲಿಲ್ವೋ, ಅದೇ ಮಾತನ್ನ ಇಲ್ಲಿ ನಾನೂ ಹೇಳಲ್ಲ. ನಾನು ಹೇಳ್ಬಿಟ್ರೆ ಅವನು ಅಲ್ಲಿ ನಿಂತು ಅನ್ನಿಸ್ಕೊಂಡಿದ್ದಕ್ಕೆ ಬೆಲೆ ಏನು?"

ಆಕೆ ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಹಾಗಾದರೆ ನನ್ನನ್ನು ಮದುವೆಗೆ ಕರೆಯಬೇಡಿ ಎಂದು ಹೇಳಿ ಮತ್ತೆ ತುಳಿಯತೊಡಗಿದಳು.

ಎರಡೂ ಮನೆಗಳ ಬಾಗಿಲು ಮುಚ್ಚಿತು. ಮಕ್ಕಳು ಕಾದರು. ಮನಸ್ಸು ಕರಗಬಹುದೆಂದು ತಿಂಗಳುಗಟ್ಟಲೆ ಕಾದರು. ಓಡಿಹೋಗುವುದು ಇಬ್ಬರಿಗೂ ಬೇಕಿರಲಿಲ್ಲ. ಓಡಲು ನಾವೇನು ಕಳ್ಳರೇ ಎನ್ನುತ್ತಿದ್ದಳು ಪುಟ್ಟಿ. ಕೊನೆಗೊಂದು ದಿನ ನೋಂದಣಿ ಕಚೇರಿಯಲ್ಲಿ ಮದುವೆಯ ದಿನ ಗೊತ್ತುಮಾಡಿ, ಮನೆಗೆ ಬಂದು, ದೊಡ್ಡಕ್ಕ, ಅಪ್ಪ, ಅಮ್ಮ ಮೂವರನ್ನೂ ಕೂರಿಸಿ ದಿನ, ಹೊತ್ತು, ಕಚೇರಿ ಎಲ್ಲವನ್ನೂ ಹೇಳಿದಳು. ನೀವು ಬಂದರೆ ನನಗೆ ಅದಕ್ಕಿಂತ ದೊಡ್ಡದಿಲ್ಲ, ಬರದಿದ್ದರೆ ಸಿಟ್ಟಿಲ್ಲ ಎಂದಳು. ಅಂದೇ ತನ್ನ ಬಟ್ಟೆಬರೆ ತುಂಬಿಕೊಂಡು ಸ್ನೇಹಿತೆಯ ಕೋಣೆಗೆ ಹೋದಳು. ಮೆಟ್ಟಿಲಿಳಿಯುವಾಗ ಅಪ್ಪನ ಕಡೆ ತಿರುಗಿ ನೋಡಿದಳು. ಮೇಷ್ಟ್ರ ಬಲಗಾಲು ನೆಲವನ್ನು ಬಲವಾಗಿ ಒತ್ತಿತ್ತು. ಆದರೆ ಆ ಬ್ರೇಕಿಗೆ ಯಾವ ಗಾಡಿಯೂ ನಿಲ್ಲಲಿಲ್ಲ.

ಮದುವೆಯ ದಿನ ಬೆಳಿಗ್ಗೆ ತಾಯಿ ಬೇಗ ಅಡುಗೆ ಮುಗಿಸಿದಳು. ಪೆಟ್ಟಿಗೆಯ ತಳದಿಂದ ತನ್ನ ಒಳ್ಳೆಯ ಉಡುಪನ್ನು ತೆಗೆದು ಉಟ್ಟಳು. ತಲೆ ಬಾಚಿ, ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ನೇರವಾಗಿ ದೊಡ್ಡಕ್ಕನ ಮುಂದೆ ಬಂದು ನಿಂತಳು.

"ಅಕ್ಕ, ನಾನು ಮಗಳ ಮದುವೆಗೆ ಹೋಗ್ತಿದೀನಿ. ಹಿತ್ತಲ ಬಾಗಿಲಿಂದ ಹೋಗ್ಬಹುದಿತ್ತು. ಕದ್ದು ಹೋಗೋಂಥದ್ದು ನಾನೇನೂ ಮಾಡ್ತಿಲ್ಲ, ಅದಕ್ಕೇ ಹೇಳ್ತಿದೀನಿ."

ದೊಡ್ಡಕ್ಕ ಬೆರಗಾಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಇವಳ ಬಾಯಿಂದ ಇಷ್ಟುದ್ದದ ಮಾತು ಬಂದದ್ದೇ ಇಲ್ಲ.

"ಹೋಗು. ಆದ್ರೆ ಬರೋವಾಗ ಬಾಗಿಲು ತೆಗೆದಿರುತ್ತೆ ಅನ್ಕೋಬೇಡ."

"ಹಾಕಿದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ. ದಾರೀಲಿ ಹೋಗೋರು ಯಾಕೆ ಅಂತ ಕೇಳಿದ್ರೆ, ಮಗಳ ಮದುವೆ ಮುಗಿಸ್ಕೊಂಡು ಬಂದೆ ಅಂತ ಹೇಳ್ತೀನಿ."

ಅವಳು ಹಿಂದಿನ ಗಲ್ಲಿ ಹಿಡಿಯಲಿಲ್ಲ. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಮಂದಿರದ ಮುಂಬಾಗಿಲು ಎಲ್ಲವನ್ನೂ ದಾಟಿ ದೊಡ್ಡ ಬೀದಿಯಲ್ಲೇ ನಡೆದಳು. ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆಲ್ಲ ನಿಂತು ಉತ್ತರ ಕೊಟ್ಟಳು. ಕಚೇರಿಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನ ಕೊನೆಯಲ್ಲಿ ಕುಳಿತಿದ್ದ ಪುಟ್ಟಿ ಅಮ್ಮನನ್ನು ಕಂಡವಳೇ ಎದ್ದು ಓಡಿಬಂದಳು. ಅಷ್ಟು ದಿನ ಅಳದವಳು ಅಲ್ಲಿ ಅಮ್ಮನ ಹೆಗಲಿನ ಮೇಲೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಸಾಕು, ಕಣ್ಣು ಊದಿಕೊಂಡರೆ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ತಾಯಿ ಗದರಿಸಿದಳು, ತಾನೂ ಅಳುತ್ತ.

ಇನ್ನೇನು ಅವರ ಸರದಿ ಬರಬೇಕು, ಆಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಹುಡುಗನ ತಾಯಿ! ಕೈಯಲ್ಲಿ ಕಾಗದದ ಪೊಟ್ಟಣ. ಯಾರ ಮುಖವನ್ನೂ ನೋಡದೆ ಅದನ್ನು ಪುಟ್ಟಿಯ ಕೈಗೆ ತುರುಕಿದಳು. ಒಳಗೆ ತಿಳಿಗೆಂಪು ಬಣ್ಣದ ಹೊಸ ಅಂಗಿ. ಪಕ್ಕದ ಕೋಣೆಗೆ ಹೋಗಿ ತೊಟ್ಟು ಬಂದರೆ ಒಂದು ನೂಲೂ ಹೆಚ್ಚುಕಡಿಮೆಯಿಲ್ಲ. ಅಳತೆಯನ್ನೇ ತೆಗೆದುಕೊಳ್ಳಲಿಲ್ಲವಲ್ಲ ಎಂದು ಪುಟ್ಟಿ ತೊದಲಿದಾಗ, ಆಕೆ ಗೋಡೆಯ ಕಡೆ ನೋಡುತ್ತ, "ಮುನಿಸು ಬೇರೆ, ಅಳತೆ ಬೇರೆ," ಎಂದಳು. ಇಬ್ಬರು ತಾಯಂದಿರೂ ಅಕ್ಕಪಕ್ಕ ನಿಂತು ಸಾಕ್ಷಿಯ ರುಜು ಹಾಕಿದರು.

ಸಂಜೆ ತಾಯಿ ಮನೆಗೆ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಮೇಲೆ ಮೇಷ್ಟ್ರು ಕುಳಿತು, ಆಗಲೇ ಹೊಳೆಯುತ್ತಿದ್ದ ಬೂಟುಗಳನ್ನು ಮತ್ತೆ ಉಜ್ಜುತ್ತಿದ್ದರು. ಮಧ್ಯಾಹ್ನದಿಂದ ಅಲ್ಲೇ ಕುಳಿತಿದ್ದರಂತೆ. ಇವರನ್ನು ಎಬ್ಬಿಸದೆ ಬಾಗಿಲು ಹಾಕುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಹೆಂಡತಿಯನ್ನು ಕಂಡು ಅವರು ಸ್ವಲ್ಪ ಸರಿದು ದಾರಿ ಬಿಟ್ಟರು. ಅವಳು ಚಪ್ಪಲಿ ಬಿಚ್ಚುವಾಗ, ಹುಡುಗಿ ಹೇಗೆ ಕಾಣುತ್ತಿದ್ದಳು ಎಂದು ಬೂಟಿಗೆ ಕೇಳುವಂತೆ ಕೇಳಿದರು. ರಾಣಿಯ ಹಾಗೆ ಎಂದಳು ತಾಯಿ.

ಸುದ್ದಿ ಮಂದಿರವನ್ನು ಮುಟ್ಟಲು ಹೊತ್ತು ಹಿಡಿಯಲಿಲ್ಲ. ಸಮಿತಿಯ ಹಿರಿಯರು ಸೇರಿದರು. ಸಭೆಯನ್ನು ಹಾಡಿನಲ್ಲಿ ಮುನ್ನಡೆಸುವವನ ಮನೆಯಲ್ಲೇ ಹೀಗಾದರೆ ಉಳಿದವರಿಗೆ ಏನು ಹೇಳುವುದು? ಮೇಷ್ಟ್ರು ಎಲ್ಲರೆದುರು ನಿಂತು, ಆ ಹುಡುಗಿಗೂ ನನಗೂ ಇನ್ನು ಸಂಬಂಧವಿಲ್ಲ ಎಂದು ಒಂದು ಮಾತು ಹೇಳಿದರೆ ಅವರ ಜಾಗ ಅವರಿಗೇ ಎಂದು ತೀರ್ಮಾನವಾಯಿತು. ಈ ತೀರ್ಮಾನವನ್ನು ಮನೆಗೆ ಹೊತ್ತು ತಂದವರು ದೊಡ್ಡಕ್ಕನೇ. ತಮ್ಮನ ಜಾಗ ಉಳಿಸಲು ಅವರು ಸಮಿತಿಯವರೊಂದಿಗೆ ಗುದ್ದಾಡಿ ಬಂದಿದ್ದರು. ನಿನ್ನ ಹಾಡಿಗಾಗಿ ನಾನು ಏನೆಲ್ಲ ಬಿಟ್ಟೆ ಎಂಬುದು ನಿನಗೆ ಗೊತ್ತು, ನನಗಾಗಿ ಒಂದು ಮಾತು ಹೇಳು ಎಂದು ತಮ್ಮನ ಕೈ ಹಿಡಿದರು. ಅವರ ಕಣ್ಣು ತುಂಬಿತ್ತು. ಆ ಕಣ್ಣಲ್ಲಿ ನೀರು ಕಂಡು ಮೇಷ್ಟ್ರು ತಲೆಯಾಡಿಸಿದರು. ಸರಿ, ಮಾತಾಡುತ್ತೇನೆ ಎಂದರು.

ಆ ವಾರವೆಲ್ಲ ಕಾರಿನಲ್ಲಿ ಅವರು ಬೇರೆಯವರಂತಿದ್ದರು. ಎಡಕ್ಕೆ ತಿರುಗಿಸಿ ಎನ್ನುವಲ್ಲಿ ಬಲಕ್ಕೆ ಎಂದರು. ಕಲಿಯಲು ಬಂದ ವಕೀಲರೊಬ್ಬರು ಹೂವಿನ ಅಂಗಡಿಯ ಬಾಗಿಲವರೆಗೂ ಹೋಗಿ ನಿಂತರು. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನಂಬದೇ ಇದ್ದು ನಂಬ್ತೀನಿ ಅಂದ್ರೆ ಅದು ಸುಳ್ಳು... ಅಷ್ಟೂ ಮಾಡದಿದ್ದರೆ ಅದೆಂಥ ಪ್ರೀತಿ ಎಂದು ಕೇಳಿದ್ದರಲ್ಲ ತಾವು. ಈಗ ತಮ್ಮ ಸರದಿ ಬಂದಿತ್ತು. ಮಗಳಿದ್ದೂ ಇಲ್ಲವೆನ್ನಬೇಕಿತ್ತು, ಅದೂ ದೇವರ ಮುಂದೆ, ಹಾಡಿದ ಬಾಯಿಂದಲೇ.

ಸಭೆಯ ದಿನ ಮಂದಿರ ಕಿಕ್ಕಿರಿದಿತ್ತು. ಬರದವರೂ ಬಂದಿದ್ದರು. ಮೇಷ್ಟ್ರು ಹಾಡುಗಾರರ ಕಟ್ಟೆಯ ಮೇಲೆ ನಿಂತು ಗಂಟಲು ಸರಿಪಡಿಸಿಕೊಂಡರು. ಕಾರಿನಲ್ಲಿ ಮಾತಾಡುವಷ್ಟೇ ತಗ್ಗಿದ ದನಿಯಲ್ಲಿ ಆರಂಭಿಸಿದರು.

"ನಂಗೆ ಒಬ್ಬಳು ಮಗಳಿದಾಳೆ. ಅವಳ ಮದುವೆ ಆಗಿದೆ. ಅಳಿಯ ನಮ್ಮ ಮತದೋನಲ್ಲ. ನಮ್ಮೋನಾಗು ಅಂತ ನಾವು ಅವನನ್ನ ಕೇಳಿದ್ವಿ. ಮನಸ್ಸಲ್ಲಿ ಇಲ್ಲದೇ ಇದ್ರೂ ಪರವಾಗಿಲ್ಲ, ಬಾಯಲ್ಲಿ ಹೇಳು ಅಂದ್ವಿ. ನಿಮ್ಮ ದೇವರ ಮುಂದೆ ಸುಳ್ಳು ಹೇಳಲ್ಲ ಅಂತ ಅವನು ಎದ್ದುಹೋದ. ಈ ಜಾಗಕ್ಕೆ ಮರ್ಯಾದೆ ಕೊಟ್ಟೋನು ಅವನು. ಸುಳ್ಳು ಕೇಳಿದೋನು ನಾನು. ನನ್ನ ಮಗಳ ಮದುವೆಗೆ ನಾನು ಹೋಗಲಿಲ್ಲ. ಅದೊಂದೇ ನಂಗೆ ನಾಚಿಕೆ, ಮದುವೆ ಬಗ್ಗೆ ಅಲ್ಲ. ಹಾಡೋಕೆ ಬೇರೆಯವರನ್ನ ನೋಡ್ಕೊಳ್ಳಿ."

ಕಟ್ಟೆಯಿಂದ ಇಳಿದು ನಡುದಾರಿಯಲ್ಲಿ ನಡೆದು, ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕುಳಿತರು. ಅವಳು ಅಷ್ಟು ಜನರ ನಡುವೆ ಅವರ ಕೈಯನ್ನು ತೆಗೆದು ತನ್ನ ಮಡಿಲಿನಲ್ಲಿಟ್ಟುಕೊಂಡಳು. ಕೊನೆಗೆ ಯಾರೋ ಧೈರ್ಯ ಮಾಡಿ ಹಾಡು ಎತ್ತಿದರು. ಗೇರು ಬದಲಿಸಲು ಬಾರದವನ ಗಾಡಿಯಂತೆ ಆ ಹಾಡು ಕಿರುಗುಟ್ಟುತ್ತ, ನಿಲ್ಲುತ್ತ, ಹೇಗೋ ಮುಂದೆ ಸಾಗಿತು. ಮೇಷ್ಟ್ರು ಹಿಂದಿನಿಂದ ಎಲ್ಲರೊಂದಿಗೆ ಎಲ್ಲರಷ್ಟೇ ಮೆಲ್ಲಗೆ ಹಾಡಿದರು.

ಮುಂದಿನ ಸಾಲಿನಲ್ಲಿ ದೊಡ್ಡಕ್ಕನ ಬೆನ್ನು ಅಲುಗಲಿಲ್ಲ. ಮನೆಗೆ ಬಂದ ಮೇಲೆ ಅವರು ನೇರವಾಗಿ ನಡುಮನೆಗೆ ನಡೆದರು. ತಮ್ಮನನ್ನು ನೋಡದೆ, ಗೋಡೆಯ ಮೇಲಿದ್ದ ತಂದೆ ತಾಯಿಯ ಚಿತ್ರವನ್ನು ನೋಡಿ ಹೇಳಿದರು.

"ನಾನು ಬದುಕಿರೋವರೆಗೂ ಅವಳ ಮನೆ ಹೊಸ್ತಿಲು ದಾಟಲ್ಲ. ದೇವರಾಣೆಗೂ ದಾಟಲ್ಲ."

ಅಲ್ಲಿಂದ ಆ ಮನೆಯಲ್ಲಿ ವಿಚಿತ್ರ ಮೌನ ಆರಂಭವಾಯಿತು. ಅಕ್ಕ ತಮ್ಮ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು, ಮಾತೆಲ್ಲ ತಾಯಿಯ ಮೂಲಕ. ಬಚ್ಚಲಿನ ಬಲ್ಬು ಹೋಗಿದೆ ಅಂತ ನಿನ್ನ ಗಂಡನಿಗೆ ಹೇಳು ಎನ್ನುತ್ತಿದ್ದರು ದೊಡ್ಡಕ್ಕ, ಗಂಡ ಮೊಳದೂರದಲ್ಲಿ ಕುಳಿತಿರುವಾಗ. ಹೊಸದು ತಂದಿದ್ದೇನೆ ಅಂತ ಅಕ್ಕನಿಗೆ ಹೇಳು ಎನ್ನುತ್ತಿದ್ದರು ಮೇಷ್ಟ್ರು. ಇಬ್ಬರಿಗೂ ಕೇಳಿಸಿದೆ, ಇನ್ನು ನನ್ನ ಕೂಲಿ ಕೊಡಿ ಎಂದು ತಾಯಿ ಒಮ್ಮೆ ಹೇಳಿದಾಗ ಇಬ್ಬರಿಗೂ ನಗು ಬಂತು, ಇಬ್ಬರೂ ನುಂಗಿಕೊಂಡರು. ರಜೆಯ ದಿನಗಳಲ್ಲಿ ಗಂಡ ಹೆಂಡತಿ ಮಗಳ ಮನೆಗೆ ಹೋಗಿಬರುತ್ತಿದ್ದರು. ಬಂದ ಮೇಲೆ ತಾಯಿ ಯಾರಿಗೂ ಅಲ್ಲವೆಂಬಂತೆ ಅಲ್ಲಿಯ ಸುದ್ದಿಯನ್ನೆಲ್ಲ ಅಡುಗೆಮನೆಯಲ್ಲಿ ಜೋರಾಗಿ ಹೇಳುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ದೊಡ್ಡಕ್ಕ ಪಕ್ಕದ ಕೋಣೆಯ ರೇಡಿಯೊ ಆರಿಸುತ್ತಿದ್ದರು.

ಹೀಗೆ ಒಂದು ವರ್ಷದ ಮೇಲಾಯಿತು. ಒಂದು ದಿನ ಮಂದಿರದ ಬೆಂಚುಗಳನ್ನು ಒರೆಸಲು ಹೆಂಗಸರೆಲ್ಲ ಸೇರಿದ್ದಾಗ ಸಮಿತಿಯ ಅಧ್ಯಕ್ಷರ ಹೆಂಡತಿ ಮಾತು ತೆಗೆದಳು. ಊರಿನ ಆ ತುದಿಯಲ್ಲಿರುವ ನಮ್ಮವರ ಸಣ್ಣ ಮಂದಿರದಲ್ಲಿ ಪುಟ್ಟಿಯನ್ನು ಕಂಡಳಂತೆ. ಪ್ರತಿ ವಾರ ಬರುತ್ತಾಳಂತೆ. ಗಂಡ ಬೈಕಿನಲ್ಲಿ ಕರೆತಂದು ಬಿಟ್ಟು, ಮುಗಿಯುವವರೆಗೆ ಹೊರಗೆ ಕಾಂಪೌಂಡಿಗೆ ಒರಗಿ ನಿಂತಿರುತ್ತಾನಂತೆ. ಒಳಗೆ ಬರುವಷ್ಟು ಮರ್ಯಾದೆಯೂ ಇಲ್ಲ ಎಂದು ಆಕೆ ಮೂಗು ಮುರಿದಳು. ಇಂಥವಳು ಒಳಗೆ ಕುಳಿತು ಪ್ರಾರ್ಥಿಸಿದರೇನು, ಬಿಟ್ಟರೇನು, ಎರಡು ದೋಣಿಯಲ್ಲಿ ಕಾಲಿಟ್ಟವಳು, ಅವಳ ನಂಬಿಕೆಯೆಲ್ಲ ಬರೀ ನಾಟಕ ಎಂದಳು.

ದೊಡ್ಡಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದರು.

"ನಾಟಕ ಮಾಡೋಳಾಗಿದ್ರೆ ಆವತ್ತೇ ಮಾಡಿ ಎಲ್ಲರ ಹತ್ರನೂ ಒಳ್ಳೇವಳು ಅನ್ನಿಸ್ಕೊಂಡಿರೋಳು. ಅತ್ತೆ ಮನೇಲಿ ದೇವರನ್ನ ಬಿಡು ಅಂದಾಗ ಬಿಡಲಿಲ್ಲ, ಇಲ್ಲಿ ಗಂಡನ್ನ ಬಿಡು ಅಂದಾಗ ಬಿಡಲಿಲ್ಲ. ನನ್ನ ಮನೆ ಹುಡುಗಿ ಅವಳು. ಬೈಯೋದಿದ್ರೆ ನಾನು ಬೈತೀನಿ, ನೀನ್ಯಾರು? ನೀನು ಹುಟ್ಟಿದಾಗ ಉಸಿರೇ ಎತ್ತಲಿಲ್ಲ. ಬೆನ್ನಿಗೆ ಎರಡು ಬಾರಿಸಿ ಅಳಿಸಿದೋಳು ನಾನು. ಬೇಕಿದ್ರೆ ಈಗ್ಲೂ ಅಳಿಸ್ತೀನಿ."

ಆಡಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಮನೆಗೆ ನಡೆದು ಬರುವಾಗ ಅವರ ಹೆಜ್ಜೆ ಹಗುರವಾಗಿತ್ತು. ತಾವು ಎತ್ತಿ ಬೆಳೆಸಿದ ಹುಡುಗಿ ಎರಡು ಮನೆಗಳ ಎದುರು ನಿಂತು, ತನ್ನ ನಂಬಿಕೆಯನ್ನೂ ತನ್ನ ಗಂಡನನ್ನೂ ಎರಡು ಕೈಯಲ್ಲಿ ಹಿಡಿದು, ಒಂದನ್ನೂ ನೆಲಕ್ಕೆ ಹಾಕದೆ ನಡೆದುಹೋಗಿದ್ದಾಳೆ. ಈ ಹಟ ಯಾರದು? ಇದು ನನ್ನದೇ ಅಲ್ಲವೇ ಎಂದುಕೊಂಡರು.

ಮುಂದಿನ ವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಊರಿನ ಆ ತುದಿಗೆ ಹೋದರು. ಹೌದು, ಅವನು ನಿಂತಿದ್ದ. ಕೈಯಲ್ಲಿ ಎರಡು ಹೆಲ್ಮೆಟ್. ಬಿಸಿಲು ಮುಖಕ್ಕೆ ಬಡಿಯುತ್ತಿತ್ತು. ರಸ್ತೆಯಾಚೆ ದೊಡ್ಡಕ್ಕನನ್ನು ಕಂಡವನೇ ದಾಟಿ ಬಂದು, ಪುಟ್ಟಿ ಒಳಗಿದ್ದಾಳೆ, ಕರೆಯಲೇ ಎಂದು ಕೇಳಿದ. ಪ್ರಾರ್ಥನೆಯ ನಡುವೆ ಯಾರಾದರೂ ಕರೆಯುತ್ತಾರೆಯೇ ಎಂದು ಅವರು ಗದರಿದರು. ಒಳಗೆ ಹೋಗಿ ನೆರಳಿನಲ್ಲಿ ಕೂರಬಾರದೇ ಎಂದೂ ಕೇಳಿದರು. ಕೂತುಕೋ ಎಂದು ಒಳಗಿನವರೂ ಹೇಳುತ್ತಾರೆ, ಆದರೆ ಎಲ್ಲರೂ ಹೇಳುವಾಗ ಸುಮ್ಮನೆ ಬಾಯಾಡಿಸುವುದು ನನಗೆ ಬರುವುದಿಲ್ಲ ಎಂದ ಅವನು. ಇಬ್ಬರೂ ಗೋಡೆಯ ಪಕ್ಕ ನಿಂತರು. ಒಳಗಿನಿಂದ ಹಾಡು ಕೇಳಿಬರುತ್ತಿತ್ತು. ಅಷ್ಟು ದನಿಗಳಲ್ಲಿ ಪುಟ್ಟಿಯ ದನಿಯನ್ನು ದೊಡ್ಡಕ್ಕ ಹುಡುಕಿದರು, ಸಿಕ್ಕಿತು. ಅವನು ತನ್ನ ಹೆಲ್ಮೆಟನ್ನು ಅವರ ತಲೆಯ ಮೇಲೆ ಬಿಸಿಲಿಗೆ ಅಡ್ಡವಾಗಿ ಹಿಡಿದುಕೊಂಡಿದ್ದ. ಅವರು ಬೇಡವೆನ್ನಲಿಲ್ಲ.

ಹಾಡು ಮುಗಿಯುವ ಮೊದಲೇ ಅವರು ಹೊರಟರು.

"ನಾನು ಬಂದಿದ್ದೆ ಅಂತ ಅವಳಿಗೆ ಹೇಳ್ಬೇಡ."

"ನಾನಾಗಿ ಹೇಳಲ್ಲ ಅಮ್ಮ. ಆದ್ರೆ ಅವಳೇ ಕೇಳಿದ್ರೆ..."

"ಗೊತ್ತು, ಗೊತ್ತು. ನಿಂಗೆ ಬರಲ್ಲ."

ಅಂದು ಊಟಕ್ಕೆ ಕುಳಿತಾಗ ಅವರು ತಮ್ಮನ ಕಡೆಗೇ ತಿರುಗಿ, ರಜೆಯ ದಿನ ಮಗಳ ಮನೆಗೆ ಹೋಗುವಾಗ ನನಗೂ ಹೇಳು ಎಂದರು. ಮೇಷ್ಟ್ರು ಅಭ್ಯಾಸದಂತೆ ಹೆಂಡತಿಯ ಮುಖ ನೋಡಿದರು. ನೇರವಾಗಿ ನಿಮಗೇ ಹೇಳಿದ್ದು, ಉತ್ತರ ಕೊಡಿ ಎಂದಳು ಅವಳು. ತಟ್ಟೆಯ ಮೇಲೆ ತಲೆ ಬಗ್ಗಿಸಿ ಕುಳಿತ ತಮ್ಮನ ಬೆನ್ನನ್ನು ದೊಡ್ಡಕ್ಕ ಸುಮ್ಮನೆ ಸವರಿದರು.

ಪುಟ್ಟಿಯ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಓಣಿಯಂತೆ ಉದ್ದನೆಯ ಕಾರಿಡಾರು, ಸಾಲಾಗಿ ಬಾಗಿಲುಗಳು, ಒಂದೊಂದರ ಮುಂದೆಯೂ ಚಪ್ಪಲಿಗಳು. ಬಾಗಿಲು ತೆರೆದಾಗ ಸೋದರತ್ತೆ ಎದುರಿಗೆ ನಿಂತಿದ್ದಾರೆ! ದೊಡ್ಡಕ್ಕನ ಕಾಲು ಹೊಸ್ತಿಲ ಬಳಿ ಬಂದು ನಿಂತುಬಿಟ್ಟಿತು. ಅವರ ಮುಖದಲ್ಲಿ ಸಂಕಟ. ಸಿಟ್ಟಿನಲ್ಲಿ ಆಡಿದ ಮಾತು, ದೇವರು ಕ್ಷಮಿಸುತ್ತಾನೆ, ಒಳಗೆ ಬಾ ಅಕ್ಕ ಎಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಕೈಯೆತ್ತಿ ತಡೆದಳು. ಆಣೆಯ ವಿಷಯವನ್ನು ಅಮ್ಮ ಅವಳಿಗೆ ಎಂದೋ ಹೇಳಿದ್ದಳು.

"ಬೇಡ ಅಪ್ಪ. ಅತ್ತೆ ದೇವರ ಮೇಲೆ ಮಾತು ಕೊಟ್ಟಿದಾರೆ. ನನಗೋಸ್ಕರ ಅದನ್ನ ಮುರೀಬೇಕಾಗಿಲ್ಲ. ನಾವೇ ಹೊರಗೆ ಬರ್ತೀವಿ."

ಅವಳ ಗಂಡ ಆಗಲೇ ಒಳಗಿನಿಂದ ಕುರ್ಚಿಗಳನ್ನು ಎತ್ತಿ ತರುತ್ತಿದ್ದ. ಒಂದೊಂದಾಗಿ ಓಣಿಯಲ್ಲಿ ಹಾಕಿದ. ಒಳಗೆ ಹೊಲಿಯುತ್ತ ಕುಳಿತಿದ್ದ ಅವನ ತಾಯಿಯೂ ಸೂಜಿದಾರ ಹಿಡಿದೇ ಹೊರಬಂದು, ದೊಡ್ಡಕ್ಕನಿಗೆ ಬೆನ್ನ ಹಿಂದೆ ಒಂದು ದಿಂಬು ಸಿಕ್ಕಿಸಿ ಪಕ್ಕದಲ್ಲಿ ಕುಳಿತಳು. ಪುಟ್ಟಿ ನೆಲದ ಮೇಲೆ ಕುಳಿತು ಸೋದರತ್ತೆಯ ಮಂಡಿಗೆ ತಲೆಯಿಟ್ಟಳು. ಇಷ್ಟು ಜನ ಓಣಿ ತುಂಬಿದ್ದನ್ನು ಕಂಡು, ತರಕಾರಿ ಚೀಲ ಹಿಡಿದು ಬಂದ ಪಕ್ಕದ ಮನೆಯಾಕೆ ಏನು ವಿಶೇಷ ಎಂದು ಕೇಳಿದಳು. ದೊಡ್ಡಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಇವಳು ನಮ್ಮ ಹುಡುಗಿ. ಅಲ್ಲಿ ನಿಂತಿದಾನಲ್ಲ, ಅವನು ನಮ್ಮ ಅಳಿಯ. ನಮ್ಮ ಮತದೋನಲ್ಲ. ಆದ್ರೆ ಅಳಿಯ ನಮ್ಮೋನೇ," ಎಂದರು.

ಆಮೇಲೆ ಅವರು ಎಷ್ಟೋ ವರ್ಷ ಬದುಕಿದರು. ರಜೆ ಬಂತೆಂದರೆ ಆ ಓಣಿಯಲ್ಲಿ ಕುರ್ಚಿಗಳು ಬೀಳುತ್ತಿದ್ದವು. ಅಕ್ಕಪಕ್ಕದವರೂ ತಮ್ಮ ತಮ್ಮ ಕುರ್ಚಿ ತಂದು ಹಾಕಿಕೊಳ್ಳುತ್ತಿದ್ದರು. ಮಾತು, ನಗು, ಜಗಳ ಎಲ್ಲವೂ ಅಲ್ಲೇ. ಚಳಿಗೆ ಕಂಬಳಿ ಹೊದೆಸಿದರು, ಸೆಕೆಗೆ ಫ್ಯಾನನ್ನು ಎಳೆತಂದು ಇಟ್ಟರು. ಕೊನೆಯವರೆಗೂ ದೊಡ್ಡಕ್ಕ ಆ ಹೊಸ್ತಿಲನ್ನು ದಾಟಲಿಲ್ಲ. ದಾಟಿ ಎಂದು ಆ ಮನೆಯವರು ಒಮ್ಮೆಯೂ ಕೇಳಲಿಲ್ಲ.